೧೧೮ ಅಂಕಿಯೋ, ಅಕ್ಷರವೋ?

ಬೆಳಗಾವಿಯ ಟೆಲಿಫೋನ್ ಸಂಕೇತ 0831, ಖಾನಾಪುರದ್ದು 08336. ಈ ಮೊದಲ ಸೊನ್ನೆಗೆ ಗಣಿತದಲ್ಲಿ ಕವಡೆ ಕಿಮ್ಮತ್ತಿಲ್ಲ. ಆದರೆ ಅದನ್ನು ಬಿಟ್ಟು ಬೇರೆ ಊರಿನಿಂದ ಡಯಲ್ ಮಾಡಿ ನೋಡಿ, ಫೋನು ಹತ್ತುವುದಿಲ್ಲ. ನೋಡಲು ಸಂಖ್ಯೆಯಂತಿದ್ದರೂ ಅದು ಹೆಸರು. 0831ಕ್ಕೆ ಎರಡು ಕೂಡಿಸಿದರೆಷ್ಟು ಎಂದು ಯಾವ ಮೇಷ್ಟ್ರೂ ಕೇಳುವುದಿಲ್ಲ.

ಕಂಪ್ಯೂಟರಿಗೆ ಈ ಭೇದ ಪ್ರಾಣಕ್ಕೆ ಸಮ. 2024ರ ಮುಂಗಾರಿನಲ್ಲಿ ಅದು ನೆಹರು ನಗರದ ನಮ್ಮ ಮನೆಯ ಜಗಲಿಗೇ ಬಂದು ಕುಳಿತಿತು. ಕಣಕುಂಬಿ ಕಡೆಯ ಹಳ್ಳಿಗಳ ಕೆಲವು ಮಕ್ಕಳಿಗೆ ಮಳೆ ಅಳೆಯುವ ಕೆಲಸ ಹಚ್ಚಿದ್ದೆ. ಮಲಪ್ರಭೆ ಹುಟ್ಟುವ ಆ ಸೀಮೆಯ ಮಳೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹವಾಮಾನ ಇಲಾಖೆಯವರಂತೆ ಬೆಳಿಗ್ಗೆ ಎಂಟೂವರೆಗೆ ಅಳೆದು, ಅಪ್ಪನದೋ ಅಣ್ಣನದೋ ಮೊಬೈಲಿನಲ್ಲಿ ಬರೆದು ಕಳಿಸುವುದು. ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅದೆಲ್ಲ ಸೇರುವಂತೆ ಅಮೆಜಾನ್ ಕಂಪನಿಯ ಡೈನಮೋಡಿಬಿ ಎಂಬ ಉಗ್ರಾಣದಲ್ಲಿ ಏರ್ಪಾಟು ಮಾಡಿಕೊಟ್ಟ.

2012ರಲ್ಲಿ ಬಂದ ಈ ಉಗ್ರಾಣ ‘ನೋಎಸ್‌ಕ್ಯೂಎಲ್’ ಜಾತಿಯದು. ಹಳೆಯ ಪದ್ಧತಿಯ ಕೋಷ್ಟಕದಲ್ಲಿ ಪ್ರತಿ ಕಂಬಸಾಲಿಗೂ ಇಲ್ಲಿ ಅಂಕಿ, ಇಲ್ಲಿ ಅಕ್ಷರ ಎಂದು ಮೊದಲೇ ಕಟ್ಟಪ್ಪಣೆ. ಇಲ್ಲಿ ಹಾಗಲ್ಲ, ಕೀಲಿಗೆ ಮಾತ್ರ ಕಟ್ಟಪ್ಪಣೆ, ಉಳಿದದ್ದು ಬಂದವರ ಇಷ್ಟ. ಛತ್ರದಲ್ಲಿ ಇಳಿದವರು ಬೇಕಾದ ಕಡೆ ತಲೆ ಹಾಕಿ ಮಲಗಿದಂತೆ.

ವಿಜ್ಞಾನ ಪ್ರದರ್ಶನಕ್ಕೆಂದು ‘ನೂರು ಮಿಲಿಮೀಟರ್ ದಾಟಿದ ದಿನಗಳು’ ಎಂಬ ಪಟ್ಟಿ ತೆಗೆಸಿ ಗೋಡೆಗೆ ಹಚ್ಚುವ ಹೊತ್ತಿಗೆ ಒಬ್ಬ ಹುಡುಗಿ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದಳು.

“ಸರ್, ಅವತ್ತ ನಮ್ಮೂರಾಗ ಹಳ್ಳ ತುಂಬಿ ಬಂದಿತ್ರಿ. ನಾ ತೊಯ್ಸಿಕೊಂಡ ಹೋಗಿ ಅಳದೇನ್ರಿ. ನಂದ ಯಾಕ ಇಲ್ರಿ?”

ನೋಟ್‌ಬುಕ್ಕಿನಲ್ಲಿ ಇತ್ತು: ೧೧೮. ಮೊಬೈಲಿನಲ್ಲೂ ಹಾಗೆಯೇ, ಕನ್ನಡ ಅಂಕಿಯಲ್ಲೇ ಕಳಿಸಿದ್ದಳು. ನಾವೇ ಕಲಿಸಿದ ಅಂಕಿ ತಾನೆ? ಒಂದಿಬ್ಬರು ಮರಾಠಿ ಶಾಲೆಯ ಮಕ್ಕಳು ದೇವನಾಗರಿಯಲ್ಲಿ ಬರೆದಿದ್ದರು. ಅವರ ಗತಿಯೂ ಅದೇ.

ಸಂಜೆ ಹಳೆಯ ವಿದ್ಯಾರ್ಥಿಗೆ ಫೋನು ಮಾಡಿದೆ. ಅವನು ವಿವರಿಸಿದ್ದು ಇಷ್ಟು. ಪ್ರತಿ ಬೆಲೆಯ ಮೇಲೂ ಒಂದು ಚೀಟಿ ಇರುತ್ತದೆ. ಅಂಕಿಯಾದರೆ ‘ಎನ್’, ಅಕ್ಷರವಾದರೆ ‘ಎಸ್’. ಪ್ರೋಗ್ರಾಮಿಗೆ ಅಂಕಿಯೆಂದು ಗುರುತು ಹತ್ತದ ೧೧೮ಕ್ಕೆ ‘ಎಸ್’ ಚೀಟಿ ಬಿದ್ದಿತ್ತು. ನೂರಕ್ಕಿಂತ ಹೆಚ್ಚಿನ ಅಂಕಿ ಯಾವುದೆಂದು ಕೇಳಿದರೆ ಉಗ್ರಾಣವು ಅಕ್ಷರಗಳತ್ತ ತಿರುಗಿಯೂ ನೋಡುವುದಿಲ್ಲ. ತಪ್ಪೆಂದು ಕೂಗುವುದೂ ಇಲ್ಲ, ಸುಮ್ಮನೆ ಬಿಟ್ಟುಬಿಡುತ್ತದೆ. ನನಗೆ ಸಿಟ್ಟು ಬಂದದ್ದು ಈ ಮೌನಕ್ಕೆ. 1996ರ ಜೂನ್ 4ರಂದು ಏರಿಯಾನ್-5 ರಾಕೆಟ್ಟು ದೊಡ್ಡ ಸಂಖ್ಯೆಯೊಂದನ್ನು 16 ಬಿಟ್‌ನ ಚಿಕ್ಕ ಜಾಗಕ್ಕೆ ತುರುಕಲು ಹೋಗಿ ಸುಮಾರು 40 ಸೆಕೆಂಡಿನಲ್ಲಿ ಸಿಡಿದುಹೋಯಿತು. ಅದಾದರೂ ಸದ್ದು ಮಾಡಿತು!

ಕೀಲಿಯ ವಿಷಯದಲ್ಲಿ ಮಾತ್ರ ಉಗ್ರಾಣ ಬಾಯಿ ಬಿಡುತ್ತದೆ. ಮಕ್ಕಳ ಗುರುತು 07, 12 ಎಂದು ಅಕ್ಷರವಾಗಿಯೇ ಇತ್ತು. ಹೊಸ ಪ್ರೋಗ್ರಾಮು ಅದನ್ನು ಬರೀ 7 ಎಂಬ ಅಂಕಿಯಾಗಿ ಕಳಿಸಿದಾಗ ‘ಟೈಪ್ ಮಿಸ್‌ಮ್ಯಾಚ್’ ಎಂದು ಮುಖಕ್ಕೆ ಹೊಡೆದಂತೆ ವಾಪಸು ಬಂತು. ಕೀಲಿಯ ಜಾತಿಯನ್ನು ಆಮೇಲೆ ಬದಲಿಸಲಾಗದು; ಬೇಕೆಂದರೆ ಹೊಸ ಕೋಷ್ಟಕ ಮಾಡಿ ಎಲ್ಲವನ್ನೂ ಸಾಗಿಸಬೇಕು. ಹುಡುಗ ಜಾಣ, ಪ್ರೋಗ್ರಾಮನ್ನೇ ತಿದ್ದಿ 07 ಎಂದು ಅಕ್ಷರವಾಗಿ ಕಳಿಸಿದ.

ಮಳೆಯ ಲೆಕ್ಕಕ್ಕೆ ಮೊದಲು ಒಂದು ನಕಲು ತೆಗೆದಿಟ್ಟುಕೊಂಡ. ‘ಎಸ್’ ಚೀಟಿಯ ಮಳೆಗಳನ್ನಷ್ಟೇ ಹೆಕ್ಕಿ, ಒಂದೊಂದನ್ನೂ ಅಂಕಿಯಾಗಿಸಿ ಮತ್ತೆ ಬರೆದ. ‘ತುಂತುರು’ ಎಂದು ಬರೆದವನೊಬ್ಬನಿದ್ದ. ಅದನ್ನು ಮುಟ್ಟಬೇಡ, ಹುಡುಗನನ್ನೇ ಕೇಳೋಣ ಎಂದೆ. ತೋಚಿದ ಅಂಕಿ ತುಂಬಿದರೆ ಅದು ವಿಜ್ಞಾನವಲ್ಲ. ಕನ್ನಡದಲ್ಲಿ ಬರೆಯಬೇಡಿ ಎಂದು ಮಕ್ಕಳಿಗೆ ಹೇಳೋಣವೇ ಎಂದೂ ಅವನು ಕೇಳಿದ. ಬೇಡ, ಕಲಿಯಬೇಕಾದದ್ದು ಯಂತ್ರ ಎಂದೆ. ಈಗ ಬರೆದೊಡನೆ ಯಂತ್ರವೇ ಮೂರೂ ಲಿಪಿಯ ಅಂಕಿಗಳನ್ನು ಒಂದೇ ಮಾಡಿ ‘ಎನ್’ ಚೀಟಿ ಹಚ್ಚುತ್ತದೆ.

ಮರುದಿನ ಹೊಸ ಪಟ್ಟಿ ಗೋಡೆಗೆ ಬಂತು. ಹುಡುಗಿ ತನ್ನ ಸಾಲಿನ ಮೇಲೆ ಬೆರಳಿಟ್ಟು, “ಆದ್ರ ಸರ್, ತಾರೀಖ ತಪ್ಪೇತ್ರಿ,” ಎಂದಳು. ಅವಳು ಬರೆದದ್ದು 8/7, ಅಂದರೆ ಜುಲೈ 8. ಯಂತ್ರ ಅಮೆರಿಕದವರ ರೀತಿಯಲ್ಲಿ ಓದಿ ಆಗಸ್ಟ್ 7 ಮಾಡಿತ್ತು. ಮತ್ತೆ ಬೆಂಗಳೂರಿಗೆ ಫೋನು ಹಚ್ಚಿದೆ.