ಮೂರು ಪ್ರತಿಯ ಕರಾರು

ಠಾಣೆಯ ಕಿಸಾನ್ ನಗರದಲ್ಲಿ ನಮ್ಮ ಹಳೇ ಸ್ಟುಡಿಯೋ ಇದ್ದ ಕಟ್ಟಡ, ಹಳೇ ಕಟ್ಟಡಗಳನ್ನು ಒಟ್ಟಾಗಿ ಕೆಡವಿ ಕಟ್ಟುವ ಕ್ಲಸ್ಟರ್ ಯೋಜನೆಗೆ ಹೋಯಿತು. ಆ ಮಾತು ಮನೆಯಲ್ಲಿ ನಡೆದಿದ್ದಾಗ, ಪತ್ರಿಕೋದ್ಯಮ ಓದುತ್ತಿರುವ ತಮ್ಮನ ಮಗಳು ಕೇಳಿದಳು: ‘ದೊಡ್ಡಪ್ಪಾ, ಭಿಕ್ಷುಕರ ಫೋಟೋ ತೆಗೀತಿದ್ರಲ್ಲ, ಅವರನ್ನ ಕೇಳಿ ತೆಗೀತಿದ್ರಾ?’ ಅವಳ ಪಾಠದಲ್ಲಿ ಸಮ್ಮತಿ ಅಂತ ಒಂದು ಅಧ್ಯಾಯವೇ ಇದೆಯಂತೆ.

ಕೇಳುತ್ತಿದ್ದೆವು. ದೊಡ್ಡ ಮನಸ್ಸಿನಿಂದ ಅಂದುಕೊಳ್ಳಬೇಡಿ. ಕೇಳದಿದ್ದರೆ ಕಲ್ಲು ಬೀಳುತ್ತಿತ್ತು. 1959ರ ಮುಂಬಯಿ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ಕೈಚಾಚಿದವರನ್ನು ಹಿಡಿದು ವರ್ಷಗಟ್ಟಲೆ ಕೂಡಿಹಾಕಬಹುದಿತ್ತು. ಚೆಂಬೂರಿನ ಭಿಕ್ಷುಕರ ಗೃಹದ ಹೆಸರು ಹೇಳಿದರೆ ಸಾಕು, ಫುಟ್‌ಪಾತ್ ಖಾಲಿ. ಕ್ಯಾಮೆರಾ ಹಿಡಿದವನು ಅವರ ಕಣ್ಣಿಗೆ ಪೊಲೀಸರ ಕಡೆಯವನೇ.

ಸ್ಟುಡಿಯೋದ ಹೊಟ್ಟೆಪಾಡು ಮಾತ್ರ ಬೇರೆ. ಮಹಾರಾಷ್ಟ್ರದ ಕೈಗಾರಿಕಾ ನಿಗಮ 1962ರಲ್ಲಿ ಹುಟ್ಟಿತು, ಅದರ ಮೊದಲ ವಸಾಹತೇ ನಮ್ಮ ಸ್ಟುಡಿಯೋ ಇದ್ದ ವಾಗ್ಳೆ ಎಸ್ಟೇಟ್. ನಾನು ಅಲ್ಲಿಗೆ ಬಂದ ಎಂಬತ್ತರ ದಶಕದಲ್ಲಿ ಶಿಫ್ಟ್ ಬಿಟ್ಟರೆ ರಸ್ತೆ ಪೂರಾ ಸೈಕಲ್ಲು, ಟಿಫಿನ್ ಡಬ್ಬಿ. ಗೇಟ್‌ಪಾಸ್, ಇಎಸ್‌ಐ ಕಾರ್ಡು, ಬ್ಯಾಂಕ್ ಪುಸ್ತಕ, ಎಲ್ಲದಕ್ಕೂ ಪಾಸ್‌ಪೋರ್ಟ್ ಅಳತೆಯ ಮುಖ ಬೇಕು. ಆ ಮುಖಗಳಿಂದ, ಸ್ಟುಡಿಯೋ ನಡೆಸುತ್ತಿದ್ದ ನನ್ನ ಮಾಮನ ಬಾಡಿಗೆ ಹುಟ್ಟುತ್ತಿತ್ತು. ಕುಂದಾಪುರದ ಕಡೆಯಿಂದ ಬಂದು ಹೋಟೆಲಲ್ಲಿ ಕಪ್ಪು ತೊಳೆದು, ಫೋರ್ಟಿನ ಯಾವುದೋ ಡಾರ್ಕ್‌ರೂಮಿನಲ್ಲಿ ಕೆಲಸ ಕಲಿತವನು ಮಾಮ. ಅವನ ಗೋಡೆಯ ಮೇಲೆ ದೇವರ ಪಟದ ಪಕ್ಕದಲ್ಲೇ ಮೈಸೂರಿನ ಟಿ.ಎಸ್. ಸತ್ಯನ್ ತೆಗೆದ ಚಿತ್ರಗಳು, ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ್ದು. ‘ನೋಡಾ, ಬಡವರೇ. ಆದ್ರೆ ಒಬ್ರೂ ನಮ್ಮತ್ರ ಏನೂ ಬೇಡ್ತಾ ಇಲ್ಲ’ ಅನ್ನುತ್ತಿದ್ದ.

ಶಟರ್ ಎಳೆದ ಮೇಲೆ ಡಾರ್ಕ್‌ರೂಮು. ಹೈಪೋ ಮತ್ತು ಅಸೆಟಿಕ್ ಆಸಿಡ್ಡಿನ ವಾಸನೆ, ಹಳಸಿದ ಉಪ್ಪಿನಕಾಯಿ ಭರಣಿಯ ಹಾಗೆ, ಮೂಗಿಗಲ್ಲ ಗಂಟಲಿಗೇ ಹತ್ತುತ್ತಿತ್ತು. ಊಟ ಮಾಡುವಾಗಲೂ ಬೆರಳಲ್ಲಿ ಅದೇ. ಕೆಂಪು ದೀಪದ ಕೆಳಗೆ ಟ್ರೇ ಅಲ್ಲಾಡಿಸುತ್ತಿದ್ದರೆ ಮೊದಲು ಕೂದಲು ಮೂಡುತ್ತಿತ್ತು, ಆಮೇಲೆ ಕಣ್ಣು. ಈಗಲೂ ಯಾವುದಾದರೂ ಮನೆಯಲ್ಲಿ ವಿನೆಗರ್ ಬಾಟಲಿ ತೆರೆದರೆ ನಾನು ಎರಡು ನಿಮಿಷ ವಾಗ್ಳೆಯಲ್ಲಿರುತ್ತೇನೆ.

ಮಾಮನ ಯಾಷಿಕಾ ಎರಡು ಲೆನ್ಸಿನದು. ತಲೆ ತಗ್ಗಿಸಿ, ಹೊಟ್ಟೆಯ ಹತ್ತಿರ ಹಿಡಿದು ತೆಗೆಯಬೇಕು. ಊಟಿಯಲ್ಲಿ ತಯಾರಾಗುತ್ತಿದ್ದ ‘ಇಂದು’ ರೋಲಿನಲ್ಲಿ 12 ಚಿತ್ರ, ಮುಗಿದರೆ ಮುಗಿಯಿತು. ಭಾನುವಾರ ಮುಲುಂಡ್ ಚೆಕ್‌ನಾಕಾಕ್ಕೆ ಹೋಗುತ್ತಿದ್ದೆವು. ಆಗ ಜಕಾತಿ ಕಟ್ಟಲು ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ನಿಂತ ಲಾರಿ ಅಂದರೆ ನಿಂತ ಡ್ರೈವರ್, ಅವನ ಜೇಬಿನಲ್ಲಿ ಚಿಲ್ಲರೆ. ಬೇಡುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇರಲಿಲ್ಲ.

ಅಲ್ಲಿದ್ದಳು ಒಬ್ಬ ಮುದುಕಿ, ಗುಲ್ಬರ್ಗಾ ಕಡೆಯವಳು, 1972ರ ಬರದಲ್ಲಿ ಊರು ಬಿಟ್ಟವಳು. ಮಾಮ ಕನ್ನಡದಲ್ಲಿ ಕೇಳಿದ್ದೇ ತಡ ಚೌಕಾಸಿ ಶುರು. ‘ನನ್ನ ಮಾರಿ ಒಯ್ದು ಮಾರ್ತಿ ಹೌದಿಲ್ಲೊ? ಹಂಗಾರ ನನಗೂ ಮೂರು ಕೊಡು. ನಿರಾಧಾರ ಫಾರಮ್ಮಿಗಿ ಹಚ್ಚೋದದ.’ ಗತಿಯಿಲ್ಲದವರಿಗೆ ತಿಂಗಳ ನೆರವು ಕೊಡುವ ಮಹಾರಾಷ್ಟ್ರದ ಸಂಜಯ್ ಗಾಂಧಿ ನಿರಾಧಾರ ಯೋಜನೆ ಶುರುವಾದದ್ದು 1980ರಲ್ಲಿ. ಅರ್ಜಿಗೆ ಫೋಟೋ ಬೇಕು, ರಾಜ್ಯದಲ್ಲಿ 15 ವರ್ಷ ಇದ್ದ ಪುರಾವೆಯೂ ಬೇಕು. ಫುಟ್‌ಪಾತಿಗೆ ಯಾರು ಪುರಾವೆ ಕೊಡುತ್ತಾರೋ! ಮಾಮ ಎರಡು ಅಂದ, ಅವಳು ಮೂರಕ್ಕೆ ಕಚ್ಚಿಕೊಂಡಳು. ಕರಾರು ಮೂರಕ್ಕೇ ಆಯಿತು.

ಮಾರನೆಯ ದಿನ ಸ್ಟುಡಿಯೋಕ್ಕೆ ಬಂದವಳನ್ನು ನಾನು ಗುರುತು ಹಿಡಿಯಲಿಲ್ಲ. ಎಣ್ಣೆ ಹಚ್ಚಿ ಬಾಚಿದ ತಲೆ, ಯಾರದೋ ಹಸಿರು ಇಲಕಲ್ ಸೀರೆ, ಹಣೆ ತುಂಬ ವಿಭೂತಿ. ಸ್ಟೂಲಿನ ಮೇಲೆ ಗೌಡತಿಯ ಹಾಗೆ ಕೂತಳು. ಮಾಮ ಅವಳ ಎರಡು ಚಿತ್ರಗಳನ್ನೂ ವಾರಪತ್ರಿಕೆಯೊಂದಕ್ಕೆ ಕೊಟ್ಟ, ನಾಕಾದ್ದೊಂದು, ಸ್ಟೂಲಿನದ್ದೊಂದು. ನಾಕಾದ್ದು ಅಚ್ಚಾಯಿತು, ಹೆಸರಿಲ್ಲದೆ. ಸ್ಟೂಲಿನದ್ದು ವಾಪಸು ಬಂತು: ಇದು ಭಿಕ್ಷುಕಿಯ ಹಾಗೆ ಕಾಣುವುದಿಲ್ಲವಂತೆ. ಬಂದ ದುಡ್ಡಲ್ಲಿ ಅವಳಿಗೆ ಮಾಮ ಒಂದು ಪೈಸೆ ಕೊಡಲಿಲ್ಲ. ಮೂರು ಪ್ರತಿ ಅಂದಿದ್ದ, ಮೂರು ಪ್ರತಿ ಕೊಟ್ಟ. ಆ ಕಾಲದ ಸಭ್ಯತೆ ಅಲ್ಲಿಗೆ ಮುಗಿಯುತ್ತಿತ್ತು. ಈಗ ನಾವು ಅದನ್ನೇ ಚಿನ್ನದ ಕಾಲ ಅನ್ನುತ್ತೇವೆ.

ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು, ಆ ಜಾಗದಲ್ಲಿ ಗಾಜಿನ ಐಟಿ ಪಾರ್ಕುಗಳೆದ್ದವು. ಪಾಸ್‌ಪೋರ್ಟ್ ಕಚೇರಿ ವಾಗ್ಳೆಗೇ ಬಂತು. ಹಾಗೆ ನೋಡಿದರೆ ಸ್ಟುಡಿಯೋಕ್ಕೆ ಹಬ್ಬವಾಗಬೇಕಿತ್ತು, ಆದರೆ ಅಲ್ಲಿ ಕೌಂಟರಿನಲ್ಲೇ ಮುಖ ಹಿಡಿದುಕೊಳ್ಳುತ್ತಾರೆ. 2017ರಲ್ಲಿ ಜಿಎಸ್‌ಟಿ ಬಂದು ಮುಂಬಯಿಯ ಜಕಾತಿ ಹೋಯಿತು. ಲಾರಿಗಳು ಈಗ ನಿಲ್ಲುವುದಿಲ್ಲ. ನಿಲ್ಲುವುದು ಸಿಗ್ನಲ್ಲಿನಲ್ಲಿ ಕಾರುಗಳು, ಗಾಜು ಏರಿಸಿಕೊಂಡು.

ತೀನ್ ಹಾತ್ ನಾಕಾದ ಫ್ಲೈಓವರ್ ಕೆಳಗೆ ಸಿಗ್ನಲ್ ಮಕ್ಕಳಿಗೆಂದೇ ಕಂಟೇನರಿನಲ್ಲಿ ಶಾಲೆ ಮಾಡಿದ್ದಾರೆ. ಒಳ್ಳೆಯ ಕೆಲಸ, ನಮ್ಮ ಕಾಲದಲ್ಲಿ ಯಾರಿಗೂ ಹೊಳೆಯಲಿಲ್ಲ. ಅದೇ ನಾಕಾದಲ್ಲಿ ಮೊನ್ನೆ ಒಬ್ಬ ಯುವಕ ಒಬ್ಬ ಮುದುಕನಿಗೆ ಕಂಬಳಿ ಹೊದಿಸಿದ, ತೆಗೆದ, ಮತ್ತೆ ಹೊದಿಸಿದ. ಮೊದಲ ಸಲ ಗೆಳೆಯನ ಫೋನಿನಲ್ಲಿ ಸರಿಯಾಗಿ ಬಂದಿರಲಿಲ್ಲವಂತೆ. ಮುದುಕನನ್ನು ಯಾರೂ ಏನೂ ಕೇಳಲಿಲ್ಲ. ಮಾಮನ ಸಣ್ಣ ಲೆಕ್ಕಾಚಾರವೇ ವಾಸಿ ಅನ್ನಿಸಿತು. ಅದರಲ್ಲಿ ಆ ಮುದುಕಿಗೆ ಬೇಡ ಅನ್ನುವ, ಇನ್ನೂ ಒಂದು ಪ್ರತಿ ಬೇಕು ಅನ್ನುವ ಬಾಯಿಯಾದರೂ ಇತ್ತು.

ಹಾಗಂತ ಬಾಯಿ ಪೂರ್ತಿ ಹೋಗಿಲ್ಲ. ಪೆನ್ನು ಮಾರುವ ಹುಡುಗನೊಬ್ಬ ನನ್ನ ಹೆಗಲಿನ ಕ್ಯಾಮೆರಾ ನೋಡಿ ತಾನೇ ಬಂದು ಹೇಳಿದ: ‘ಫೋಟೋಕ್ಕೆ ಇಪ್ಪತ್ತು, ವಿಡಿಯೋಕ್ಕೆ ಐವತ್ತು. ಅಳಬೇಕಂದ್ರೆ ನೂರು.’ ಜೊತೆಗಿದ್ದ ತಮ್ಮನ ಮಗಳು ಹೌಹಾರಿದಳು. ನನಗೆ ರೇಟು ಕಡಿಮೆಯೇ ಅನ್ನಿಸಿತು.