ಮನೆಗೆಲ್ಲ ಒಂದೇ ಸೋಸುಯಂತ್ರ



ಬಹಳ ದಿನಗಳಿಂದ ಏನನ್ನೂ ಬರೆಯಲಾಗಿರಲಿಲ್ಲ. ಚನ್ನಗಿರಿಯ ನಮ್ಮ ಮನೆಯಲ್ಲಿ ಕಳೆದ ಒಂದು ತಿಂಗಳು ಪ್ಲಂಬರುಗಳದ್ದೇ ರಾಜ್ಯಭಾರವಾಗಿತ್ತು. ಇಡೀ ಮನೆಯ ನೀರನ್ನು ಒಮ್ಮೆಗೇ ಸೋಸಿ ಮೃದುಗೊಳಿಸುವ ಯಂತ್ರವೊಂದನ್ನು ಹಾಕಿಸಿದೆವು. ಅದರ ಕಥೆಯನ್ನು ಹೇಳಹೊರಟರೆ ಬೇರೊಂದು ಕಥೆಯನ್ನೂ ಹೇಳಲೇಬೇಕಾಗಿದೆ.

ನಮ್ಮ ಕೊಳವೆಬಾವಿಯ ನೀರು ಬಲು ಗಡಸು. ನಲ್ಲಿಗಳ ಬಾಯಿಗೆ ಸುಣ್ಣ ಬಳಿದಂತೆ ಬಿಳಿಯ ಪೊರೆ. ಎರಡು ವರ್ಷಗಳಲ್ಲಿ ಗೀಸರಿನ ಕಾಯಿಲ್ ಎರಡು ಬಾರಿ ಸುಟ್ಟಿತು. ತೊಗರಿಬೇಳೆ ಬೇಯುವುದಿಲ್ಲವೆಂಬುದು ನನ್ನ ಶ್ರೀಮತಿಯ ನಿತ್ಯದ ದೂರು. ಬೆಂಗಳೂರಿನಲ್ಲಿರುವ ಮಗ, "ಅಪ್ಪಾ, ಇನ್ನು ಯೋಚನೆ ಮಾಡಬೇಡಿ, ಹಾಕಿಸಿಬಿಡಿ" ಎಂದು ಫೋನಿನಲ್ಲೇ ಒಬ್ಬ ಮಾರಾಟ ಪ್ರತಿನಿಧಿಯನ್ನು ನಿಗದಿಪಡಿಸಿದ.

ಬಂದ ಹುಡುಗ ವಿನಯವಂತ. ಎರಡು ಗಾಜಿನ ಲೋಟಗಳನ್ನಿಟ್ಟು ಒಂದಕ್ಕೆ ನಮ್ಮ ನೀರನ್ನೂ ಇನ್ನೊಂದಕ್ಕೆ ತಾನು ತಂದ ಶುದ್ಧ ನೀರನ್ನೂ ಸುರಿದ. ಲೋಹದ ಕಡ್ಡಿಗಳಿದ್ದ ಉಪಕರಣವೊಂದನ್ನು ಎರಡರಲ್ಲೂ ಅದ್ದಿ ವಿದ್ಯುತ್ ಹರಿಸಿದ. ಕ್ಷಣಾರ್ಧದಲ್ಲಿ ನಮ್ಮ ನೀರು ಕೆಸರಿನಂತೆ ಕಂದು ಬಣ್ಣಕ್ಕೆ ತಿರುಗಿತು. ಅವನದು ತಿಳಿಯಾಗಿಯೇ ಉಳಿಯಿತು. "ಇದನ್ನೇ ಸಾರ್ ನೀವು ಇಷ್ಟು ದಿನ ಕುಡಿದಿದ್ದು!" ಎಂದ. ನನ್ನ ಶ್ರೀಮತಿ ಹೌಹಾರಿದರು.

ಮೂವತ್ತಕ್ಕೂ ಹೆಚ್ಚು ವರ್ಷ ವಿಜ್ಞಾನ ಬೋಧಿಸಿದವನ ಮುಂದೆ ಈ ಆಟವೇ! ಅಡುಗೆಮನೆಯಿಂದ ಚಿಟಿಕೆ ಉಪ್ಪು ತರಿಸಿ ಅವನ ತಿಳಿನೀರಿಗೆ ಹಾಕಿ, "ಈಗ ಇನ್ನೊಮ್ಮೆ ಅದ್ದಪ್ಪಾ" ಎಂದೆ. ಅದೂ ಕೆಸರಾಯಿತು. ನೀರಿನಲ್ಲಿ ಲವಣಗಳಿದ್ದರೆ ವಿದ್ಯುತ್ ಹರಿಯುತ್ತದೆ. ಹರಿದಾಗ ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕಿನ ಬಣ್ಣ ಕೊಡುತ್ತದೆ. ಆ ಕೊಳೆ ಕಡ್ಡಿಯದು, ನೀರಿನದಲ್ಲ. ಹತ್ತನೆಯ ತರಗತಿಯಲ್ಲಿ ವಿದ್ಯುದ್ವಿಭಜನೆಯ ಪಾಠ ಕೇಳಿದ ನಿಮ್ಮಲ್ಲಿ ಕೆಲವರಿಗಾದರೂ ಇದು ನೆನಪಿರಬೇಕು (ಹಿಂದಿನ ಬೆಂಚಿನವರನ್ನು ಬಿಟ್ಟು). ಹುಡುಗ ನಾಚಿಕೊಂಡ. ನನಗೂ ಗೆದ್ದೆನೆಂಬ ಸಣ್ಣ ಹೆಮ್ಮೆ ಮೂಡಿತು.

ಆ ಹೆಮ್ಮೆಯಲ್ಲೇ, "ನಿಮ್ಮ ಯಂತ್ರ ಫ್ಲೋರೈಡನ್ನು ತೆಗೆಯುತ್ತದೆಯೇ?" ಎಂದು ಕೇಳಿದೆ. "ಎಲ್ಲಾ ಹೋಗುತ್ತೆ ಸಾರ್" ಎಂದ. ಅದು ಸುಳ್ಳು. ಆದರೆ ಅವನನ್ನು ತಿದ್ದಲು ನನ್ನ ಬಾಯಿ ಬರಲಿಲ್ಲ. ಆ ಪದವನ್ನು ಉಚ್ಚರಿಸಿದೊಡನೆ ನನ್ನ ಮನಸ್ಸು ಜಗಳೂರಿಗೆ ಹೋಗಿಬಿಟ್ಟಿತ್ತು.

1987ರಲ್ಲಿ ಬಿ.ಎಡ್. ಮುಗಿಸಿದ ಹೊಸ ಉತ್ಸಾಹದೊಂದಿಗೆ ಜಗಳೂರು ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಗೆ ಸೇರಿದೆ. ಆಗ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಮಳೆ ಕಾಣದ ಸೀಮೆ. ಕುಡಿಯಲು ಇದ್ದದ್ದು ಕೈಪಂಪಿನ ನೀರೊಂದೇ. ಎಂಟನೆಯ ತರಗತಿಯಲ್ಲಿ ಹಲ್ಲಿನ ರಚನೆಯ ಪಾಠ ಮಾಡುವಾಗ ಮುಂದಿನ ಸಾಲಿನ ಹುಡುಗನೊಬ್ಬನನ್ನು ಎಬ್ಬಿಸಿ ನಿಲ್ಲಿಸಿದೆ. ಅವನ ಹಲ್ಲುಗಳ ಮೇಲೆ ಕಂದು ಕಲೆಗಳು, ನಡುನಡುವೆ ಬಿಳಿಯ ಮಚ್ಚೆಗಳು. "ಹಲ್ಲುಜ್ಜದೆ ಬಂದರೆ ಹೀಗಾಗುತ್ತದೆ, ನೋಡಿಕೊಳ್ಳಿ" ಎಂದು ಇಡೀ ತರಗತಿಗೆ ತೋರಿಸಿದೆ. ಮಕ್ಕಳು ನಕ್ಕರು. ಹಾಗೆ ನಕ್ಕವರಲ್ಲಿ ಅನೇಕರ ಹಲ್ಲುಗಳೂ ಹಾಗೆಯೇ ಇದ್ದುವೆಂಬುದನ್ನು ಗಮನಿಸುವಷ್ಟು ವಿಜ್ಞಾನವೂ ನನ್ನಲ್ಲಿರಲಿಲ್ಲ.

ಮರುದಿನ ಆ ಹುಡುಗ ಒಸಡು ಕಿತ್ತುಕೊಂಡು ಬಂದ. ಇಟ್ಟಿಗೆಯ ಪುಡಿಯಿಂದ ಉಜ್ಜಿ ಉಜ್ಜಿ ರಕ್ತ ಬರಿಸಿಕೊಂಡಿದ್ದ. ಹಿಂದೆಯೇ ಅವನಜ್ಜಿ ಬಂದರು. ಬೈಯಲಿಲ್ಲ. ಸೆರಗು ಸರಿಸಿ ತಮ್ಮ ಬಾಯನ್ನೇ ತೆರೆದು ತೋರಿಸಿ, "ನಮ್ಮೂರ ನೀರೇ ಹಂಗೈತೆ ಮೇಷ್ಟ್ರೇ. ಹುಡುಗುಂದೇನು ತಪ್ಪೈತೆ?" ಎಂದರು. ಅವರ ಬೆನ್ನು ಬಾಗಿತ್ತು; ಕುತ್ತಿಗೆ ತಿರುಗಿಸಬೇಕಾದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ವಯಸ್ಸಿನ ದೋಷವೆಂದುಕೊಂಡೆ. "ಆಯಿತು, ಹೋಗಮ್ಮಾ" ಎಂದು ಕಳುಹಿಸಿಬಿಟ್ಟೆ.

ಟೂತ್‌ಪೇಸ್ಟಿನ ಫ್ಲೋರೈಡ್ ಹಲ್ಲಿಗೆ ಒಳ್ಳೆಯದೆಂದಷ್ಟೇ ನಾನು ಬಲ್ಲೆ. ಮಿತಿಮೀರಿದರೆ ಅದೇ ಹಲ್ಲನ್ನೂ ಮೂಳೆಯನ್ನೂ ಕೆಡಿಸುವುದೆಂದು ಕೆಲವು ವರ್ಷಗಳ ನಂತರ ಓದಿ ತಿಳಿದುಕೊಂಡೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಸರಿ, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಎಂದು ನಮ್ಮ ಮಾನಕ ಬ್ಯೂರೋ ಹೇಳುತ್ತದೆ. ಬಾಲ್ಯದಲ್ಲಿ, ಹಲ್ಲು ಒಸಡಿನೊಳಗೆ ರೂಪುಗೊಳ್ಳುತ್ತಿರುವಾಗಲೇ ಕಲೆ ಬಿದ್ದಿರುತ್ತದೆ. ಆಮೇಲೆ ಇಟ್ಟಿಗೆಪುಡಿಯಿಂದಲ್ಲ, ಯಾವುದರಿಂದ ಉಜ್ಜಿದರೂ ಹೋಗುವುದಿಲ್ಲ. ಆ ಹೊತ್ತಿಗೆ ನನಗೆ ಹೊನ್ನಾಳಿಗೆ ವರ್ಗವಾಗಿತ್ತು.

ಹೊನ್ನಾಳಿಯಲ್ಲೂ, ಆಗ ಅದೇ ತಾಲ್ಲೂಕಿಗೆ ಸೇರಿದ್ದ ನ್ಯಾಮತಿಯಲ್ಲೂ ನೀರಿನ ಚಿಂತೆಯೇ ಇರಲಿಲ್ಲ ಎನ್ನಬೇಕು. ಕೂಡಲಿಯಲ್ಲಿ ಒಂದಾಗಿ ಬಂದ ತುಂಗಭದ್ರೆ ಹೊನ್ನಾಳಿಯ ಮಗ್ಗುಲಲ್ಲೇ ಹರಿಯುತ್ತಾಳೆ. ಮಳೆಗಾಲದ ಕೆನ್ನೀರಿಗೆ ನಮ್ಮ ತಾಯಿ ಪಟಿಕದ ತುಂಡನ್ನು ನಾಲ್ಕು ಸುತ್ತು ತಿರುಗಿಸಿದರೆ ಬೆಳಗಿನ ಹೊತ್ತಿಗೆ ಹಂಡೆಯ ನೀರು ತಿಳಿಯಾಗುತ್ತಿತ್ತು. ಸುಖವಾಗಿದ್ದೆ, ಜಗಳೂರನ್ನು ಮರೆತೆ.

ಇನ್ನು ಯಂತ್ರದ ವಿಚಾರ. ಹಾಕಿಸಬೇಕೆಂದಿರುವವರಿಗೆ ನನ್ನ ಸಲಹೆಯೆಂದರೆ, ಮಾರುವವರ ಲೋಟವನ್ನು ನಂಬದೆ ಮೊದಲು ಪ್ರಯೋಗಾಲಯದಲ್ಲಿ ನೀರನ್ನು ಪರೀಕ್ಷಿಸಿಸಿ. ನಾನು ದಾವಣಗೆರೆಗೆ ಬಾಟಲಿಯಲ್ಲಿ ಒಯ್ದು ಕೊಟ್ಟೆ. ಗಡಸುತನ ಮಿತಿ ಮೀರಿತ್ತು, ಫ್ಲೋರೈಡ್ ಮಿತಿಯೊಳಗಿತ್ತು. ಆ ಕಾಗದವನ್ನು ಕೈಯಲ್ಲಿ ಹಿಡಿದು ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ.

ಮೇಲಿನ ಟ್ಯಾಂಕಿಗೆ ಹೋಗುವ ಕೊಳವೆಗೆ ಮೂರು ಉದ್ದನೆಯ ಸಿಲಿಂಡರುಗಳನ್ನು ಜೋಡಿಸಿದರು: ಮೊದಲನೆಯದರಲ್ಲಿ ಮರಳು, ಎರಡನೆಯದರಲ್ಲಿ ಇದ್ದಿಲು, ಮೂರನೆಯದರಲ್ಲಿ ರಾಳದ ಸಣ್ಣ ಮಣಿಗಳು. ಈ ಮಣಿಗಳು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ಫ್ಲೋರೈಡಿನ ಗೊಡವೆಗೆ ಹೋಗುವುದಿಲ್ಲ. ಅದಕ್ಕೆ ಆರ್.ಓ. ಬೇಕು, ಇಲ್ಲವೇ ಸಕ್ರಿಯ ಅಲ್ಯೂಮಿನ ಬೇಕು. ಕುದಿಸಿದರೆ ಹೋಗುವುದೆಂದು ಹಲವರು ನಂಬಿದ್ದಾರೆ. ಕುದಿಸಿದಷ್ಟೂ ನೀರು ಆವಿಯಾಗಿ ಅದು ಸಾಂದ್ರವಾಗುತ್ತದೆ. ರಕ್ತದೊತ್ತಡವಿರುವ ನಾನು ಸೋಡಿಯಂಗೆ ಹೆದರಿ ಅಡುಗೆಮನೆಗೆ ಹಳೆಯ ಆರ್.ಓ.ವನ್ನೇ ಉಳಿಸಿಕೊಂಡೆ. ಮಣಿಗಳನ್ನು ಆಗಾಗ ಉಪ್ಪುನೀರಿನಲ್ಲಿ ತೊಳೆಯಬೇಕು. ಆ ನೀರನ್ನು ಮೊದಲ ವಾರ ಅರಿಯದೆ ಹಿತ್ತಿಲಿಗೆ ಬಿಟ್ಟು, ಹನ್ನೆರಡು ವರ್ಷದ ಕರಿಬೇವಿನ ಗಿಡವನ್ನು ಕಳೆದುಕೊಂಡೆವು. ಸಾಬೂನು ಈಗ ಯಥೇಚ್ಛ ನೊರೆ ಬರುತ್ತದೆ, ಎಷ್ಟು ತೊಳೆದರೂ ಮೈ ಜಾರುತ್ತದೆ. ಬೇಳೆ ಬೇಯುತ್ತಿದೆ.

ಜಗಳೂರಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆಯ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಆ ಅಜ್ಜಿ ನೆನಪಾಗುತ್ತಾರೆ. ಮೊನ್ನೆ ಹಳೆಯ ಪೆಟ್ಟಿಗೆಯಿಂದ 1990ರ ತಂಡದ ಭಾವಚಿತ್ರವನ್ನು ತೆಗೆದು ನೋಡಿದೆ. ಹತ್ತನೆಯ ತರಗತಿಗೆ ಬಂದಿದ್ದ ಆ ಹುಡುಗ ಎರಡನೆಯ ಸಾಲಿನ ಎಡತುದಿಯಲ್ಲಿ ನಿಂತಿದ್ದಾನೆ. ಎಲ್ಲರೂ ನಗುತ್ತಿದ್ದಾರೆ, ಅವನು ತುಟಿ ಬಿಗಿದುಕೊಂಡಿದ್ದಾನೆ. ತರಗತಿಯೆದುರು ಆಡಿದ ಮಾತನ್ನು ತರಗತಿಯೆದುರೇ ಹಿಂತೆಗೆದುಕೊಳ್ಳಬೇಕಾಗಿತ್ತು. ಅಲ್ಲಿದ್ದ ಅಷ್ಟೂ ವರ್ಷ ಅದನ್ನು ಮಾಡಲಿಲ್ಲ.

ಆ ತಂಡದವರು ಯಾರಾದರೂ ಇದನ್ನು ಓದುತ್ತಿದ್ದರೆ, ನಾನು ಯಾರ ವಿಷಯ ಹೇಳುತ್ತಿದ್ದೇನೆಂದು ನಿಮಗೆ ತಿಳಿದಿರುತ್ತದೆ. ಅವನು ಈಗ ಎಲ್ಲಿದ್ದಾನೆಂದು ದಯವಿಟ್ಟು ನನಗೆ ತಿಳಿಸಿ. ನಾನೇ ಹೋಗಿ ಕಾಣುತ್ತೇನೆ.