ಸದ್ಯ ಎಲ್ಲಿರ್ತೀರಿ, ಊರು ಯಾವುದ್ರಿ?

ಯಾದಗಿರಿ, ಶಹಾಪುರ, ಸುರಪುರಗಳ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯ ಬೆಳೆಯುವುದು ಈ ಎರಡು ಪ್ರಶ್ನೆಗಳಿಂದ. ಸುರಪುರದಿಂದ ಗುಳೆ ಹೋಗಿ ಬೆಂಗಳೂರಿನ ಕಟ್ಟಡಗಳಲ್ಲಿ ದುಡಿಯುವವರು ಮೊದಲನೆಯದಕ್ಕೆ ಬೆಂಗಳೂರು ಎನ್ನುತ್ತಾರೆ, ಎರಡನೆಯದಕ್ಕೆ ಸುರಪುರ. ಯಾರಿಗೂ ಗೊಂದಲವಿಲ್ಲ.

ಗೊಂದಲ ಶುರುವಾಗುವುದು ಮಕ್ಕಳ ಕಾಲೇಜಿಗೋ ನೌಕರಿಗೋ ಅರ್ಜಿ ತುಂಬುವಾಗ. 'ರೆಸಿಡೆನ್ಸ್', 'ಡೊಮಿಸೈಲ್' ಎರಡನ್ನೂ 'ವಾಸಸ್ಥಳ' ಎಂದೇ ಕರೆದು ರೂಢಿಯಾಗಿರುವುದರಿಂದ ಎರಡೂ ಒಂದೇ ಎಂದು ಬಹಳ ಜನ ತಿಳಿಯುತ್ತಾರೆ. ಕಾನೂನಿಗೆ ಅವು ಒಂದಲ್ಲ. ರೆಸಿಡೆನ್ಸ್ ಎಂದರೆ ವಾಸ, ಅಷ್ಟೇ. ಒಬ್ಬರಿಗೆ ಎರಡು ಕಡೆ ಮನೆಯಿರಬಹುದು. ಡೊಮಿಸೈಲ್‌ಗೆ ವಾಸದ ಜೊತೆ ಅಲ್ಲೇ ಕಾಯಂ ನೆಲೆಸುವ ಉದ್ದೇಶವೂ ಬೇಕು. ವರ್ಗವಾಗಿ ಶಹಾಪುರಕ್ಕೆ ಬಂದು, ಅವಧಿ ಮುಗಿದ ಮೇಲೆ ತಮ್ಮೂರಿಗೆ ಮರಳಬೇಕೆಂದಿರುವ ನೌಕರರಿಗೆ ಶಹಾಪುರ ವಾಸದ ಜಾಗ ಮಾತ್ರ.

ಈ ಭೇದ ಈ ಸೀಮೆಗೆ ಹೊಸದಲ್ಲ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಸರ್ಕಾರಿ ನೌಕರಿಗೆ 'ಮುಲ್ಕಿ' ಆಗಿರಬೇಕಿತ್ತು. ಹೊರಗಿನಿಂದ ಬಂದವರು ಮುಲ್ಕಿ ಎನಿಸಿಕೊಳ್ಳಲು 1919ರ ನಿಯಮದಂತೆ 15 ವರ್ಷ ನೆಲೆಸಿರಬೇಕಿತ್ತು. ಸಾಲದೆಂಬಂತೆ, ಹಿಂದೆ ನೆಲೆಸಿದ್ದ ಊರಿಗೆ ಮರಳುವ ಯೋಚನೆ ಬಿಟ್ಟೆ ಎಂದು ಪ್ರಮಾಣಪತ್ರವನ್ನೂ ಕೊಡಬೇಕಿತ್ತು. ವರ್ಷಗಳ ಲೆಕ್ಕ ವಾಸಕ್ಕೆ, ಪ್ರಮಾಣ ಉದ್ದೇಶಕ್ಕೆ. ಡೊಮಿಸೈಲ್ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ವಿವರಿಸುವುದು ಕಷ್ಟ.

ಇಂದು ಆ ಜಾಗದಲ್ಲಿ 371ಜೆ ಇದೆ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ ಈ ವಿಧಿ, ಹುಟ್ಟಿನಿಂದಲೋ ಡೊಮಿಸೈಲ್‌ನಿಂದಲೋ ಈ ಪ್ರದೇಶಕ್ಕೆ ಸೇರಿದವರಿಗೆ ಸೀಟು, ಹುದ್ದೆಗಳಲ್ಲಿ ಪಾಲು ಮೀಸಲಿಡಲು ಅವಕಾಶ ಕೊಟ್ಟಿದೆ. ಸಂವಿಧಾನ ಬಳಸಿದ್ದು ರೆಸಿಡೆನ್ಸ್ ಪದವನ್ನಲ್ಲ. ಇನ್ನೊಂದು ತೊಡಕೂ ಇದೆ. ಭಾರತೀಯರಿಗೆಲ್ಲ ಇರುವುದು ಭಾರತದ ಡೊಮಿಸೈಲ್ ಒಂದೇ, ರಾಜ್ಯಕ್ಕೊಂದು ಡೊಮಿಸೈಲ್ ಇಲ್ಲ ಎಂದು ಸುಪ್ರೀಂ ಕೋರ್ಟ್ 1984ರ ಪ್ರದೀಪ್ ಜೈನ್ ಪ್ರಕರಣದಲ್ಲಿ ಹೇಳಿತು. ರಾಜ್ಯಗಳು ಆ ಪದವನ್ನು ಕಾಯಂ ವಾಸ ಎಂಬ ಸಡಿಲ ಅರ್ಥದಲ್ಲಿ ಬಳಸುತ್ತವೆ ಎಂದೂ ಗುರುತಿಸಿತು. 2025ರ ಜನವರಿಯಲ್ಲಿ, ಸ್ನಾತಕೋತ್ತರ ವೈದ್ಯಕೀಯ ಸೀಟುಗಳಿಗೆ ವಾಸದ ಆಧಾರದ ಮೀಸಲಾತಿ ಸಲ್ಲದು ಎಂದ ತೀರ್ಪಿನಲ್ಲೂ ಇದೇ ಮಾತು ಮರಳಿ ಬಂತು.

ಕೋರ್ಟಿನ ಈ ಸೂಕ್ಷ್ಮ ಗುಳೆ ಹೋದ ಕುಟುಂಬಕ್ಕೆ ತಲುಪುವುದಿಲ್ಲ. ಬೆಂಗಳೂರಿನ ಶೆಡ್ಡಿನಲ್ಲಿದ್ದ ಮಾತ್ರಕ್ಕೆ ಊರಿನ ಹಕ್ಕು ಹೋಯಿತೆಂದು ಅವರು ಅರ್ಜಿಯನ್ನೇ ಹಾಕದೆ ಉಳಿದರೆ ನಷ್ಟ ಮಕ್ಕಳದು. ಆದ್ದರಿಂದ ಕಚೇರಿಗಳವರು ಅರ್ಜಿಯಲ್ಲಿ 'ಸದ್ಯದ ವಾಸ', 'ಕಾಯಂ ನೆಲೆ' ಎಂದು ಎರಡು ಸಾಲು ಬೇರೆ ಬೇರೆ ಅಚ್ಚು ಹಾಕಿಸಲಿ. ಓದುಗರೂ ಕಂಪ್ಯೂಟರ್ ಸೆಂಟರಿನಲ್ಲಿ ದುಡ್ಡು ಕೊಡುವ ಮೊದಲು, ಕೇಳಿರುವುದು ಯಾವ ಕಾಗದ ಎಂದು ನೋಡಿಕೊಳ್ಳಲಿ.